‘ಗೋಸೇವೆಗೆ’ ಎಂದು ಬರೆಸಿದ್ದನ್ನು ತಿದ್ದಿಸಿದ್ದು

ವಕೀಲರು ಬರೆದುಕೊಟ್ಟ ನನ್ನ ಉಯಿಲಿನ ಮೊದಲ ಕರಡಿನಲ್ಲಿ ಒಂದು ಸಾಲಿತ್ತು: ‘ಸದರಿ ಹಣವನ್ನು ನನ್ನ ಕಾಲಾನಂತರ ಗೋಸೇವೆಗೆ ವಿನಿಯೋಗಿಸತಕ್ಕದ್ದು.’ ಓದಿದಾಗ ಕಣ್ಣು ತುಂಬಿ ಬಂತು. ಆ ‘ಗೋಸೇವೆಗೆ’ ಎಂಬ ಒಂದು ಮಾತು ಸಾಲದು ಎಂದು ನನಗೆ ತಿಳಿಯಲು ಐದು ತಿಂಗಳು ಹಿಡಿಯಿತು. ತಿದ್ದಿಸಿ, ಮತ್ತೆ ಬರೆಸಿ, ನೋಂದಣಿ ಮುಗಿಸುವಷ್ಟರಲ್ಲಿ ಒಂದು ವರ್ಷವೇ ಕಳೆದಿತ್ತು.

ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವಳು. 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ 2013ರಲ್ಲಿ ನಿವೃತ್ತಳಾದೆ. ಮಕ್ಕಳಿಲ್ಲ. ಮನೆಯವರು 2019ರ ಮಳೆಗಾಲದಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದದ್ದು ಎರಡೂಕಾಲು ಎಕರೆ ಅಡಿಕೆ ತೋಟ, ಹಂಚಿನ ಮನೆ, ಕೊಟ್ಟಿಗೆ ತುಂಬ ಗಿಡ್ಡ ದನ.

ಮಲೆನಾಡು ಗಿಡ್ಡವನ್ನು ನೋಡದವರಿಗೆ ಹೇಳುತ್ತೇನೆ. ಪಕ್ಕದಲ್ಲಿ ನಿಂತರೆ ಬೆನ್ನು ನನ್ನ ಸೊಂಟಕ್ಕೆ ಬರುತ್ತದೆ. ಕಪ್ಪು, ಕೆಂದು, ಕಂದು, ಹೀಗೆ ಮೈಬಣ್ಣ ನಾನಾ ಬಗೆ. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದರೆ ತಾವಾಗಿ ಗುಡ್ಡ ಹತ್ತುತ್ತವೆ, ಸಂಜೆ ತಾವಾಗಿ ಬಂದು ತಮ್ಮ ತಮ್ಮ ಗೂಟದ ಹತ್ತಿರ ನಿಲ್ಲುತ್ತವೆ. ಜಡಿಮಳೆಯಲ್ಲೂ ಮೇಯುತ್ತವೆ. ಗೊರಸು ಪುಟ್ಟದು, ಗಟ್ಟಿ. ಹಾಲು ಎರಡು ಹೊತ್ತು ಸೇರಿ ಒಂದೂವರೆ, ಎರಡು ಲೀಟರು, ಅಷ್ಟೇ. ಆದರೆ ವರ್ಷಕ್ಕೊಂದು ಕರು ಹಾಕುತ್ತವೆ. ಅದಕ್ಕೇ ಹಿಂದಿನವರು ಇವನ್ನು ವರ್ಷಗಂದಿ ಎಂದು ಕರೆದರು. ನಮ್ಮ ಕೊಟ್ಟಿಗೆಯ ಗೌರಿ ಹದಿಮೂರು ಕರು ಹಾಕಿದ್ದಾಳೆ, ಒಮ್ಮೆಯೂ ಡಾಕ್ಟರನ್ನು ಕರೆಸಿಲ್ಲ.

ಊರಿನಲ್ಲಿ ಒಂದು ಕಾಲಕ್ಕೆ ಎಲ್ಲರ ಮನೆಯಲ್ಲೂ ಇವೇ ಇದ್ದವು. ಆಮೇಲೆ ಇಂಜೆಕ್ಷನ್ ಮಾಡಿಸಿ ಕೃತಕವಾಗಿ ಗಬ್ಬ ಕಟ್ಟಿಸುವುದು ಬಂತು. ಜರ್ಸಿ, ಎಚ್‌ಎಫ್ ಎಂಬ ವಿದೇಶಿ ತಳಿಗಳ ಬೀಜ ಕೊಡಿಸಿದರು. ಡೈರಿಗೆ ಹಾಲು ಹಾಕುವವರನ್ನು ನಾನು ದೂರುವುದಿಲ್ಲ, ಮಕ್ಕಳ ಫೀಸು ಆ ಹಾಲಿನಿಂದಲೇ ಬಂದಿದೆ. ಆದರೆ ಈ ಪುಟ್ಟ ಹಸುವಿನ ಹೊಟ್ಟೆಯಲ್ಲಿ ಜರ್ಸಿ ಕರು ಬೆಳೆದರೆ ಹೆರುವಾಗ ಪಡುವ ಪಾಡನ್ನು ನೋಡಲಾಗದು. ಪಕ್ಕದ ಮನೆಯ ಕೆಂಪಿ ಹಾಗೆಯೇ ಸತ್ತದ್ದು. ಆ ರಾತ್ರಿ ಲಾಟೀನು ಹಿಡಿದು ನಿಂತಿದ್ದವಳು ನಾನು. ಅಂದಿನಿಂದ ಮನೆಯವರು, ನಮ್ಮ ಕೊಟ್ಟಿಗೆಗೆ ಇಂಜೆಕ್ಷನ್ ಬೇಡ, ಒಂದು ಬೀಜದ ಹೋರಿಯನ್ನು ನಾವೇ ಸಾಕೋಣ ಎಂದರು. ಸಾಕಿದೆವು. ಸುತ್ತಲಿನ ಮೂರು ಊರಿಗೆ ಈಗ ಇರುವುದು ನಮ್ಮದೊಂದೇ ಗಿಡ್ಡ ಹೋರಿ.

2022ರಲ್ಲಿ ಚರ್ಮಗಂಟು ರೋಗ ಬಂದು ನಮ್ಮಲ್ಲಿ ಒಂದು ಕಡಸು ಸತ್ತಿತು. ಹೂಳಿಸಿ ಬಂದು ಜಗಲಿಯಲ್ಲಿ ಕೂತಾಗ ಮೊದಲ ಬಾರಿಗೆ ಹೊಳೆಯಿತು. ಸಾಯುವುದು ಕಡಸೇ ಆಗಬೇಕಿಲ್ಲ, ನಾನೂ ಆಗಬಹುದಿತ್ತು. ಆಗ ಮಾರನೆಯ ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆಯುವವರು ಯಾರು?

ಆ ದಿನಗಳಲ್ಲೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಗ್ಲೆಂಡಿನಿಂದ ಫೋನು ಮಾಡಿದ್ದ. ಅಲ್ಲಿ 1973ರಲ್ಲೇ ರೇರ್ ಬ್ರೀಡ್ಸ್ ಸರ್ವೈವಲ್ ಟ್ರಸ್ಟ್ ಎಂಬ ಸಂಸ್ಥೆ ಹುಟ್ಟಿತಂತೆ. ಅಳಿವಿನಂಚಿನ ಹಂದಿ, ಕುರಿ, ದನಗಳ ತಳಿಗಳಿಗೆಂದೇ ಜನ ಉಯಿಲಿನಲ್ಲಿ ಹಣ ಬರೆದಿಡುತ್ತಾರಂತೆ. “ಟೀಚರ್, ನೀವೂ ಬರೆದಿಡಬಹುದಲ್ಲ” ಎಂದ. ಸಹಜವಾಗಿ ಹೇಳಿದ ಮಾತು, ಆದರೆ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ವಕೀಲರಲ್ಲಿಗೆ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ: “ಅಮ್ಮಾ, ನಿಮ್ಮದು ಅಂತ ಇರೋದು ಏನೇನು?” ಸುಲಭದ ಪ್ರಶ್ನೆ ಅಂದುಕೊಂಡಿದ್ದೆ. ಅಲ್ಲ. ನನ್ನ ಹೆಸರಿನಲ್ಲಿ ಪಹಣಿ ಇರುವ ತೋಟ ಮನೆಯವರಿಗೆ ಅವರ ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಬಂದದ್ದು. ಮಕ್ಕಳಿಲ್ಲದ ನಾನು ಏನೂ ಬರೆಯದೆ ಸತ್ತರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದು ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ನಾನು ಸಂಬಳದಲ್ಲಿ ಉಳಿಸಿದ ಹಣಕ್ಕೂ ಅದೇ ದಾರಿ. ಇದನ್ನು ಕೇಳಿ ನನಗೆ ಆಶ್ಚರ್ಯವಾಯಿತು. ಚಾಕ್ ಹಿಡಿದು ದುಡಿದ ಹಣವೂ ನಾನು ಒಂದು ಮಾತು ಬರೆದಿಡದಿದ್ದರೆ ನನ್ನ ಇಷ್ಟದಂತೆ ಹೋಗುವುದಿಲ್ಲ. ಮಕ್ಕಳಿಲ್ಲದ ಹೆಣ್ಣುಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಈ ಒಂದು ವಿಷಯವನ್ನಾದರೂ ವಕೀಲರಲ್ಲಿ ಕೇಳಿ ತಿಳಿದುಕೊಳ್ಳಿ.

ತೋಟವನ್ನು ಮೈದುನನ ಮಗನಿಗೇ ಬರೆಯುವುದೆಂದು ನಿರ್ಧರಿಸಿದೆ. ಅದು ಅವನ ಅಜ್ಜ ನೆಟ್ಟ ತೋಟ, ನೀರು ಬಿಡುವುದು, ಔಷಧಿ ಹೊಡೆಸುವುದು ಎಲ್ಲ ಈಗಲೂ ಅವನದೇ. ಒಂದು ಭಾಗವನ್ನು ದನಗಳಿಗಾಗಿ ಯಾವುದಾದರೂ ಟ್ರಸ್ಟಿಗೆ ಕೊಡಲೇ ಎಂದೂ ಯೋಚಿಸಿದ್ದೆ. ಕರ್ನಾಟಕದಲ್ಲಿ ಭೂಸುಧಾರಣಾ ಕಾಯ್ದೆಯ 79ಬಿ ಕಲಮು ಧರ್ಮಸಂಸ್ಥೆ, ಟ್ರಸ್ಟುಗಳು ಕೃಷಿ ಜಮೀನು ಇಟ್ಟುಕೊಳ್ಳದಂತೆ ತಡೆದಿತ್ತು. 2020ರ ತಿದ್ದುಪಡಿಯಲ್ಲಿ ಅದನ್ನು ತೆಗೆದಿದ್ದಾರೆ. “ತೆಗೆದದ್ದು ನಿಜ. ನೀವು ಹೋಗೋ ಕಾಲಕ್ಕೆ ಕಾನೂನು ಏನಿರುತ್ತೋ ಯಾರಿಗೆ ಗೊತ್ತು? ಜಮೀನು ಬೇಡ, ಹಣ ಮತ್ತು ದನ ಬರೀರಿ” ಎಂದರು ವಕೀಲರು. ಒಪ್ಪಿದೆ.

ನಿಜವಾಗಿ ದನಗಳಿಗೆ ಬೇಕಾದದ್ದು ತೋಟವೂ ಅಲ್ಲ, ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ, ದನ ಮೇಯುವ ಗುಡ್ಡ. ಅದನ್ನು ನಾವು ತಲೆಮಾರುಗಳಿಂದ ಬಳಸುತ್ತ ಬಂದಿದ್ದೇವೆಯೇ ಹೊರತು ಒಡೆತನ ನಮ್ಮದಲ್ಲ, ಉಯಿಲಿನಲ್ಲಿ ಬರೆಯಲು ಬರುವುದಿಲ್ಲ. ಗುಡ್ಡದ ಅರ್ಧ ಅಕೇಶಿಯಾ ಪಾಲಾಗಿದೆ, ಇನ್ನರ್ಧದ ಅಂಚಿನಿಂದ ಬೇಲಿಗಳು ಮೇಲೇರುತ್ತಿವೆ. ಹಳೆಯ ಮೈಸೂರಿನ ಅಮೃತ ಮಹಲ್ ತಳಿಯ ದನಗಳಿಗೆ ಆದದ್ದೂ ಇದೇ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗಿದ್ದ ಬೆಣ್ಣೆ ಚಾವಡಿ ಎಂಬ ಇಲಾಖೆ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಆ ದನಗಳಿಗೆಂದೇ ಮೀಸಲಿಟ್ಟಿದ್ದ ಹುಲ್ಲಿನ ಕಾವಲುಗಳು ಒಂದೊಂದಾಗಿ ಬೇರೆ ಕೆಲಸಗಳಿಗೆ ಹೋದವು. ಅಜ್ಜಂಪುರದಲ್ಲಿ ಸರ್ಕಾರಿ ತಳಿ ಕೇಂದ್ರವಿದೆ, ದನಗಳೂ ಇವೆ, ಆದರೆ ಆ ಹಳೆಯ ವಿಸ್ತಾರದ ಹುಲ್ಲುಗಾವಲು ಇಲ್ಲ. ನನ್ನ ಉಯಿಲಿನಿಂದ ಇದಕ್ಕೆ ಪರಿಹಾರವಿಲ್ಲ ಎಂಬ ನೋವು ನನಗೆ ಈಗಲೂ ಇದೆ.

ಹೀಗೆ ಉಳಿದದ್ದು ನನ್ನ ದುಡಿಮೆಯ 16 ಲಕ್ಷ ರೂಪಾಯಿ ಮತ್ತು ಹನ್ನೊಂದು ದನ. ಗೋಸೇವೆಗೆ ಎಂದು ಬರೆಸಿದ್ದು ಆಗಲೇ.

ಸಹಿ ಹಾಕುವ ಮೊದಲು, ಹಣ ಹೋಗಬೇಕಾದ ಗೋಶಾಲೆಯನ್ನು ಒಮ್ಮೆ ಕಣ್ಣಾರೆ ನೋಡೋಣವೆಂದು ಬಸ್ಸು ಹತ್ತಿದೆ. ಹೆಸರು ಬೇಡ, ಏಕೆಂದರೆ ಅವರ ಒಳ್ಳೆಯತನದ ಬಗ್ಗೆ ನನಗೆ ಅನುಮಾನವಿಲ್ಲ. ಇನ್ನೂರಕ್ಕೂ ಹೆಚ್ಚು ದನ. ಸಿಮೆಂಟಿನ ನೆಲ ತೊಳೆದು ಸ್ವಚ್ಛವಾಗಿತ್ತು, ಬಾನಿಗಳಲ್ಲಿ ನೀರಿತ್ತು. ನೋಡಿಕೊಳ್ಳುವವರು, “ಇಲ್ಲಿ ಯಾವ ಹಸುವೂ ಹಸಿದು ಮಲಗೋದಿಲ್ಲ ಅಮ್ಮಾ” ಎಂದರು. ಅದು ಕಣ್ಣಿಗೆ ಕಾಣುತ್ತಿತ್ತು. ಜರ್ಸಿ ಮಿಶ್ರ, ಎಚ್‌ಎಫ್ ಮಿಶ್ರ, ಹಳ್ಳಿಕಾರ್ ಇದ್ದಂತೆ ಕಂಡ ಎರಡು ಎತ್ತು, ನಡುನಡುವೆ ಏಳೆಂಟು ಗಿಡ್ಡ.

“ಗಿಡ್ಡ ಹೋರಿ ಎಲ್ಲಿದೆ?” ಎಂದು ಕೇಳಿದೆ.

“ಹೋರಿಗಳ ಬೀಜ ಒಡೆಸಿಬಿಡ್ತೇವೆ. ಇಷ್ಟು ದನದ ಮಧ್ಯೆ ಹೋರಿ ಇಟ್ಕೊಳ್ಳೋದು ಕಷ್ಟ.”

“ಹಾಗಾದರೆ ಇವು ಬೆದೆಗೆ ಬಂದಾಗ?”

“ಬಂದಾಗ ಡಾಕ್ಟರ್ ಕೈಲಿ ಯಾವ ಬೀಜ ಇರುತ್ತೋ ಅದು. ಇಲ್ಲದಿದ್ರೆ ಹಾಗೇ ಬಿಡೋದು.”

ಗಿಡ್ಡಗಳ ಸಾಲಿನ ಕೊನೆಯಲ್ಲಿ ಒಂದು ಕಪ್ಪು ಹಸು ಸಿಮೆಂಟಿನ ಮೇಲೆ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತ ನಿಂತಿತ್ತು. ಗುಡ್ಡ ಹತ್ತದೆ ಗೊರಸು ಬೆಳೆದು ಚಪ್ಪಲಿಯಂತೆ ಮುಂದಕ್ಕೆ ಚಾಚಿತ್ತು. ಅದರ ಪಕ್ಕದಲ್ಲಿ ಅದರದೇ ಕರು, ಆರು ತಿಂಗಳಿಗೇ ತಾಯಿಗಿಂತ ಎತ್ತರ, ಬಿಳಿ ಮಚ್ಚೆ. ಆ ಹಸು ಹಸಿದಿರಲಿಲ್ಲ, ಯಾರೂ ಅದನ್ನು ಹೊಡೆದಿರಲಿಲ್ಲ. ಆದರೆ ಅದರೊಂದಿಗೆ ಅದರ ಕುಲ ಮುಗಿಯುತ್ತಿತ್ತು. ಹಸುವನ್ನು ಉಳಿಸುವುದು ಒಂದು, ತಳಿಯನ್ನು ಉಳಿಸುವುದು ಇನ್ನೊಂದು. ಎರಡೂ ಪುಣ್ಯದ ಕೆಲಸವೇ. ನನ್ನ ಹಣ ಎರಡನೆಯದಕ್ಕೆ ಹೋಗಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಮನಸ್ಸು ತುಂಬ ಭಾರವಾಗಿತ್ತು.

ನಮ್ಮೂರಿಗೆ ಬರುವ ಪಶುವೈದ್ಯರಿಗೆ ಇದನ್ನೆಲ್ಲ ಹೇಳಿದೆ. ಅವರು ಕೊಟ್ಟಿಗೆಯ ಮುಂದೆ ಕಟ್ಟೆಯ ಮೇಲೆ ಕೂತು ಒಂದು ಗಂಟೆ ಮಾತಾಡಿದರು. ಅವರಿಂದಲೇ ನಾನು ವೆಚೂರು ಹಸುವಿನ ಕಥೆ ಕೇಳಿದ್ದು. ಕೇರಳದಲ್ಲಿ 1961ರ ಜಾನುವಾರು ಕಾಯ್ದೆ ಬಂದಮೇಲೆ ನಾಟಿ ಹೋರಿಗಳ ಬೀಜ ಒಡೆಸಿಹಾಕಿದರು. ಎರಡೂವರೆ, ಮೂರು ದಶಕಗಳಲ್ಲಿ ಆ ಪುಟ್ಟ ಹಸು ಕಣ್ಮರೆಯಾಯಿತು ಎಂದೇ ಎಲ್ಲರೂ ತಿಳಿದಿದ್ದರು. 1989ರಲ್ಲಿ ಮಣ್ಣುತ್ತಿಯ ಪಶುವೈದ್ಯ ಪ್ರಾಧ್ಯಾಪಕಿ ಸೋಸಮ್ಮ ಐಪ್ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ವೈಕಂ ಕಡೆಯ ಹಳ್ಳಿಗಳನ್ನು ಅಲೆದು ಅಳಿದುಳಿದ ಕೆಲವನ್ನು ಹುಡುಕಿ ತಂದರು. ಅಲ್ಲಿಂದ ಆ ತಳಿ ಮತ್ತೆ ಬೆಳೆಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಒಬ್ಬ ಟೀಚರು ಮತ್ತು ಅವರ ಮಕ್ಕಳು ಮಾಡಿದ ಕೆಲಸವಿದು ಎಂದು ಕೇಳಿದಾಗ ನನಗಾದ ಸಂತೋಷ ಹೇಳಲಾರೆ.

“ನಮ್ಮ ಗಿಡ್ಡ ಅಷ್ಟು ಕೆಟ್ಟ ಸ್ಥಿತಿಯಲ್ಲಿಲ್ಲ ಮೇಡಂ. ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಇದನ್ನು ಪ್ರತ್ಯೇಕ ತಳಿ ಅಂತ ನೋಂದಾಯಿಸಿದೆ. ತೊಂದರೆ ಇರೋದು ಹೋರಿಗಳದ್ದು” ಎಂದರು ಡಾಕ್ಟರು. ಹಾಲು ಕೊಡುವ ಹಸುವನ್ನು ಹೇಗೋ ಸಾಕುತ್ತಾರೆ. ಹೋರಿ ಯಾರಿಗೂ ಬೇಡ. ಒಂದು ಊರಲ್ಲಿ ಒಂದೇ ಹೋರಿ ಐದಾರು ವರ್ಷ ಉಳಿದರೆ ತನ್ನ ಮಗಳಿಗೇ ಹಾರುತ್ತದೆ, ಕರುಗಳು ಬಡವಾಗುತ್ತವೆ. ಹೋರಿಯನ್ನು ಮೂರು ವರ್ಷಕ್ಕೊಮ್ಮೆ ಬೇರೆ ಮಂದೆಗೆ ಬದಲಾಯಿಸಬೇಕು, ಯಾವ ಕರುವಿಗೆ ಯಾವ ಹೋರಿ ಅಪ್ಪ ಎಂದು ಬರೆದಿಡಬೇಕು. ವೀರ್ಯವನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ವರ್ಷಾನುಗಟ್ಟಲೆ ಕಾಪಿಡಬಹುದು, ಅದೂ ಬೇಕು. ಆದರೆ ಗುಡ್ಡ ಹತ್ತುವುದನ್ನು, ಉಣುಗು ಕಚ್ಚಿದರೂ ತಾಳಿಕೊಳ್ಳುವುದನ್ನು ಮಂದೆಯಲ್ಲಿ ಬದುಕುತ್ತಲೇ ಉಳಿಸಿಕೊಳ್ಳಬೇಕು.

ನಾನು ಕೊಟ್ಟಿಗೆಯೊಳಗೆ ನೋಡಿದೆ. ನಮ್ಮ ಕರಿಯ ಹೋರಿಗೆ ಆಗಲೇ ಏಳು ವರ್ಷ. ಹನ್ನೊಂದರಲ್ಲಿ ನಾಲ್ಕು ಅದರದೇ ಮಕ್ಕಳು. ಪ್ರೀತಿಯಿಂದ ಸಾಕುತ್ತಲೇ ನಾನೂ ತಪ್ಪು ಮಾಡುತ್ತಿದ್ದೆ.

ವಕೀಲರಲ್ಲಿಗೆ ಮತ್ತೆ ಹೋಗಿ, ಹಣ ಹೋರಿಗಳಿಗೆ ಎಂದು ಬರೆಯಿರಿ ಅಂದೆ. 16 ಲಕ್ಷಕ್ಕೆ ಬಡ್ಡಿ ವರ್ಷಕ್ಕೆ ಒಂದು ಲಕ್ಷದ ಆಸುಪಾಸು. ದನ ಕಾಯುವ ಒಬ್ಬರ ವರ್ಷದ ಸಂಬಳಕ್ಕೂ ಅದು ಸಾಲದು. ನಾಲ್ಕು ಹೋರಿಗಳ ಹುಲ್ಲು, ಹಿಂಡಿಗೆ ಸಾಕು. ಯಾರೂ ದಾನ ಕೊಡದಿರುವುದು ಹೋರಿಗೇ ಆದ್ದರಿಂದ ನನ್ನ ಹಣ ಅಲ್ಲಿಗೇ ಹೋಗಲಿ. ಸಾಲು ಹೀಗಾಯಿತು: ‘ಸದರಿ ಮೊತ್ತವನ್ನು ಮೂಲನಿಧಿಯಾಗಿ ಇಟ್ಟು, ಅದರ ಬಡ್ಡಿಯನ್ನು ಮಲೆನಾಡು ಗಿಡ್ಡ ತಳಿಯ ಬೀಜದ ಹೋರಿಗಳನ್ನು ಸಾಕಲು, ಅವನ್ನು ಅದೇ ತಳಿಯ ದನ ಸಾಕುವ ರೈತರಿಗೆ ಸರದಿಯಂತೆ ಒದಗಿಸಲು ಹಾಗೂ ಹುಟ್ಟಿದ ಕರುಗಳ ದಾಖಲೆ ಇಡಲು ಮಾತ್ರ ಬಳಸತಕ್ಕದ್ದು.’ ‘ಮಾತ್ರ’ ಎಂಬುದನ್ನು ನಾನೇ ಹೇಳಿ ಸೇರಿಸಿದೆ. ಮೂಲನಿಧಿ ಎಂದು ಸ್ಪಷ್ಟವಾಗಿ ಬರೆಯದಿದ್ದರೆ ಸಂಸ್ಥೆ ಆ ಹಣವನ್ನು ಒಂದೇ ವರ್ಷದಲ್ಲಿ ಖರ್ಚು ಮಾಡಬಹುದು ಎಂದು ವಕೀಲರು ವಿವರಿಸಿದರು.

ಯಾರಿಗೆ ಕೊಡುವುದು? ಎರಡು ತಾಲ್ಲೂಕು ಆಚೆ ರೈತರೇ ಸೇರಿ ನಡೆಸುವ ಒಂದು ಟ್ರಸ್ಟ್ ಇದೆ ಎಂದು ಡಾಕ್ಟರು ಹೇಳಿದರು. ಹೋಗಿ ಟ್ರಸ್ಟ್ ಡೀಡ್, ಮೂರು ವರ್ಷದ ಆಡಿಟ್ ವರದಿ, ಆದಾಯ ತೆರಿಗೆ ವಿನಾಯಿತಿಯ ನೋಂದಣಿ ಕೇಳಿದೆ, ಬೇಸರಿಸದೆ ತೋರಿಸಿದರು. ಆದರೆ ನನ್ನ ಮನಸ್ಸು ಒಪ್ಪಿದ್ದು ಒಂದು ಇನ್ನೂರು ಪುಟದ ನೋಟ್‌ಬುಕ್ ನೋಡಿ. ರಟ್ಟು ಸೆಗಣಿ ಕೈಯಿಂದ ಮುಟ್ಟಿ ಮುಟ್ಟಿ ಹಸಿರಾಗಿತ್ತು. ಒಳಗೆ ಪ್ರತಿ ಕರುವಿನ ಸಾಲು: ಕಿವಿಯ ಹಳದಿ ಬಿಲ್ಲೆಯ 12 ಅಂಕಿಯ ಸಂಖ್ಯೆ, ಹುಟ್ಟಿದ ದಿನ, ತಾಯಿ, ಹೋರಿ, ಬಣ್ಣ. ಅಲ್ಲಲ್ಲಿ ಪೆನ್ಸಿಲಿನಲ್ಲಿ ‘ಚಿರತೆ ಹಿಡಿಯಿತು’, ‘ಪಾಲಿಗೆ ಕೊಟ್ಟದ್ದು’ ಎಂದು ಟಿಪ್ಪಣಿ. ಹಾಜರಿ ಪುಸ್ತಕ ಬರೆದು ಗೊತ್ತಿರುವ ನನಗೆ ಅದನ್ನು ದಿನವೂ ಬರೆದಿದ್ದಾರೋ, ಯಾರೋ ಬರುತ್ತಾರೆಂದು ಒಂದೇ ದಿನ ತುಂಬಿದ್ದಾರೋ ಎಂದು ಇಂಕು ನೋಡಿದರೆ ತಿಳಿಯುತ್ತದೆ. ಇದು ದಿನವೂ ಬರೆದದ್ದು.

ನಾಳೆ ಆ ಟ್ರಸ್ಟೇ ಇಲ್ಲವಾದರೆ ಎಂಬುದಕ್ಕೂ ಸಾಲು ಬೇಕು. ಆಗ ಹಣ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ, ಇದೇ ತಳಿಯ ಕೆಲಸಕ್ಕೆಂದೇ ಹೋಗಬೇಕು ಎಂದು ಬರೆಸಿದೆ.

ದನಗಳ ವಿಷಯದಲ್ಲಿ ನಾನು ಒಂದು ಪಟ್ಟಿ ಮಾಡಿಕೊಂಡು ಹೋಗಿದ್ದೆ. ಗೌರಿ, ತುಂಗೆ, ಕಾಳಿ, ಬೆಳ್ಳಿ, ಹೀಗೆ ಹನ್ನೊಂದು ಹೆಸರು. ವಕೀಲರು ಮೃದುವಾಗಿ, “ಅಮ್ಮಾ, ವಿಲ್ ಮಾತಾಡೋದು ನೀವು ಹೋದ ದಿನದಿಂದ. ಅವತ್ತಿಗೆ ಇವುಗಳಲ್ಲಿ ಎಷ್ಟು ಇರ್ತಾವೋ, ಹೊಸದು ಎಷ್ಟು ಹುಟ್ಟಿರ್ತಾವೋ” ಎಂದರು. ಹೆಸರುಗಳನ್ನು ಹೊಡೆದು ‘ನನ್ನ ಮರಣಕಾಲದಲ್ಲಿ ನನ್ನ ಒಡೆತನದಲ್ಲಿರುವ ಎಲ್ಲ ದನಕರುಗಳು’ ಎಂದು ಬರೆದರು. ಗೌರಿಯ ಹೆಸರಿನ ಮೇಲೆ ಗೆರೆ ಎಳೆದದ್ದನ್ನು ನೋಡುವುದು ಕಷ್ಟವಾಯಿತು. ಆ ಪಟ್ಟಿಯನ್ನು ವಾಪಸು ಕೇಳಿ ತಂದು ದೇವರ ಮನೆಯಲ್ಲಿ ಇಟ್ಟಿದ್ದೇನೆ.

ಇನ್ನೊಂದು ವಿಷಯ ಯಾರೂ ಹೇಳಿಕೊಡಲಿಲ್ಲ, ನಾನೇ ರಾತ್ರಿ ನಿದ್ದೆಯಿಲ್ಲದೆ ಕಂಡುಕೊಂಡೆ. ನಾನು ಸತ್ತ ಮೇಲೆ ಮರಣ ಪ್ರಮಾಣಪತ್ರ, ಬ್ಯಾಂಕು, ಕಾಗದಪತ್ರ ಎಂದು ತಿಂಗಳುಗಳು ಹೋಗುತ್ತವೆ. ದನಗಳಿಗೆ ಅಂದೇ ಸಂಜೆ ಹುಲ್ಲು ಬೇಕು. ಅದಕ್ಕೆ ಮೈದುನನ ಮಗನ ಜೊತೆ ಒಂದು ಜಂಟಿ ಖಾತೆ ತೆರೆದು, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು, ಒಬ್ಬರು ಹೋದರೆ ಉಳಿದವರು ತೆಗೆಯಬಹುದು ಎಂದು ಬರೆಸಿ, ಆರು ತಿಂಗಳ ಮೇವಿಗೆ, ಕೊಟ್ಟಿಗೆ ಕೆಲಸದವಳ ಸಂಬಳಕ್ಕೆ ಸಾಕಾಗುವಷ್ಟು ಹಣ ಹಾಕಿಟ್ಟೆ. ಎಫ್‌ಡಿಗಳಿಗೆ ನಾಮಿನಿಯಾಗಿ ಟ್ರಸ್ಟಿನ ಹೆಸರು ಹಾಕಲು ಹೋದರೆ ಬ್ಯಾಂಕಿನವರು ವ್ಯಕ್ತಿಯ ಹೆಸರೇ ಬೇಕೆಂದರು. ನಾಮಿನಿ ಹಣ ಪಡೆಯುವ ಕೈ ಮಾತ್ರ, ಒಡೆಯನಲ್ಲ ಎಂದು ವಕೀಲರು ಹೇಳಿದ ಮೇಲೆ ಹುಡುಗನ ಹೆಸರನ್ನೇ ಉಳಿಸಿ, ಅವನು ಪಡೆದು ಟ್ರಸ್ಟಿಗೆ ತಲುಪಿಸತಕ್ಕದ್ದು ಎಂದು ಉಯಿಲಿನಲ್ಲಿ ಸೇರಿಸಿದೆವು.

ಇಷ್ಟೆಲ್ಲ ಬರೆಸುವಾಗ ಆ ಹುಡುಗನಿಗೆ ಹೇಳದೆ ಇರುವುದು ಸರಿಯಲ್ಲ. ದೀಪಾವಳಿಗೆ ಅವನು ಮನೆಗೆ ಬಂದಿದ್ದ. ಗೋಪೂಜೆಗೆ ಅಡಿಕೆ, ಚೆಂಡುಹೂ, ಪಚ್ಚೆತೆನೆ ಪೋಣಿಸಿ ಸರ ಮಾಡುತ್ತ ಇಬ್ಬರೂ ಜಗಲಿಯಲ್ಲಿ ಕೂತಿದ್ದೆವು. ಹೇಳಿದೆ. ಅವನು ದಾರವನ್ನು ಕೈಯಲ್ಲೇ ಹಿಡಿದು ಸುಮ್ಮನಾದ.

“ತೋಟ ನಂಗೆ ಬರೀತೀರಿ ಅಂತ ಗೊತ್ತಿರಲಿಲ್ಲ ದೊಡ್ಡಮ್ಮ. ಹಣ ದನಕ್ಕೆ ಅಂತ ಅಪ್ಪಂಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ.”

“ನಿಂಗೆ?”

“ನಂಗೂ ಸ್ವಲ್ಪ ಆಯ್ತು. ಸುಳ್ಳು ಹೇಳಲ್ಲ.” ಮತ್ತೆ ಸೂಜಿಗೆ ಹೂವು ಏರಿಸುತ್ತ, “ಆದ್ರೆ ನಿಮ್ಮ ಹಣ. ನಾನು ತಕರಾರು ಮಾಡೋದಿಲ್ಲ” ಎಂದ. ಅವನ ಆ ನೇರ ಮಾತು ನನಗೆ ದೊಡ್ಡ ಧೈರ್ಯ ಕೊಟ್ಟಿತು. ಡಾಕ್ಟರನ್ನೂ ಅವನನ್ನೂ ಸೇರಿಸಿ ಇಬ್ಬರನ್ನು ಉಯಿಲಿನ ನಿರ್ವಾಹಕರೆಂದು ಬರೆಸಿದೆ.

ಮರಣಶಾಸನಕ್ಕೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರೂ ನನ್ನೆದುರು ಸಹಿ ಮಾಡಿದರೆ ಕಾನೂನಿಗೆ ಸಾಕು. ಆದರೂ ನಾಳೆ ಯಾರೂ ಬೆರಳು ತೋರಿಸದಿರಲಿ ಎಂದು ನೋಂದಣಿ ಮಾಡಿಸಿದೆ. ಮೊದಲ ದಿನ ಸರ್ವರ್ ಇಲ್ಲವೆಂದು ಮಧ್ಯಾಹ್ನದವರೆಗೆ ಕೂರಿಸಿ ಕಳಿಸಿದರು. ಎರಡನೆಯ ಸಲ ಆಧಾರಿನಲ್ಲೊಂದು, ಪಾಸ್‌ಬುಕ್ಕಿನಲ್ಲೊಂದು ಬಗೆಯಾಗಿದ್ದ ನನ್ನ ಹೆಸರಿನ ಇನಿಶಿಯಲ್‌ನಿಂದ ತಡವಾಯಿತು. ಮೂರನೆಯ ಸಲ ಫೋಟೊ, ಹೆಬ್ಬೆರಳು, ಸಹಿ ಎಲ್ಲ ಹತ್ತು ನಿಮಿಷದಲ್ಲಿ ಮುಗಿಯಿತು. ನನ್ನ ಬುದ್ಧಿ ಸ್ಥಿಮಿತದಲ್ಲಿದೆ ಎಂಬ ವೈದ್ಯರ ಪತ್ರವನ್ನೂ ಒಯ್ದಿದ್ದೆ. ಅಧಿಕಾರಿ ಕಾಗದ ಓದಿ, “ಹೋರಿಗಳಿಗಾ?” ಎಂದು ಕೇಳಿದರು. ಹೌದು ಎಂದೆ. ಅವರು ಒಂದು ಕ್ಷಣ ನಿಲ್ಲಿಸಿ, ತಮ್ಮ ಅಜ್ಜನ ಮನೆಯಲ್ಲೂ ಗಿಡ್ಡ ಹೋರಿ ಇತ್ತು ಎಂದರು.

ಬದುಕಿರುವಷ್ಟು ದಿನ ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ನನಗೆ ಬದಲಾಯಿಸಬೇಕು ಅನ್ನಿಸಿಲ್ಲ. ಆದರೆ ಎಲ್ಲವೂ ನಾನು ಸತ್ತ ಮೇಲೇ ಆಗಬೇಕೆಂದೇನೂ ಇಲ್ಲವಲ್ಲ ಅನ್ನಿಸಿತು. ಕಳೆದ ತಿಂಗಳು ಕರಿಯನನ್ನೂ ಎರಡು ಕಡಸುಗಳನ್ನೂ ಆ ಟ್ರಸ್ಟಿಗೆ ಕಳಿಸಿದೆ. ವಾಹನದ ಹಿಂಬದಿಗೆ ಹುಲ್ಲು ಹಾಸಿ, ಹಲಗೆ ಇಟ್ಟು ಹತ್ತಿಸುವಾಗ ಕರಿಯ ನನ್ನ ಸೆರಗು ಹಿಡಿದೆಳೆದ. ಅಳು ತಡೆಯಲಾಗಲಿಲ್ಲ. ಅದೇ ವಾಹನದಲ್ಲಿ ಮೂರು ವರ್ಷದ ಕೆಂದು ಬಣ್ಣದ ಹೋರಿಯೊಂದು ಬಂತು. ಇಳಿದವನು ಅಂಗಳದಲ್ಲಿ ನಿಂತು ಮೂಗೆತ್ತಿ ಗಾಳಿ ಹೀರಿದ. ಅಕ್ಕಚ್ಚು ಕೊಟ್ಟೆ, ಕುಡಿಯಲಿಲ್ಲ. ರಾತ್ರಿಯೆಲ್ಲ ಕೂಗಿದ.

ಬೆಳಿಗ್ಗೆ ಬಾಗಿಲು ತೆಗೆದಾಗ ಗೌರಿ ಮುಂದೆ ನಡೆದಳು, ಉಳಿದವು ಅವಳ ಹಿಂದೆ. ಅವನು ಸ್ವಲ್ಪ ಹೊತ್ತು ಗೂಟದ ಹತ್ತಿರವೇ ನಿಂತಿದ್ದು, ಆಮೇಲೆ ಗುಡ್ಡದ ಕಡೆ ಓಡಿದ. ನಾನು ಹೊಸ ನೋಟ್‌ಬುಕ್ ತೆಗೆದು ಅವನ ಕಿವಿಬಿಲ್ಲೆಯ ಸಂಖ್ಯೆ, ಬಂದ ತಾರೀಕು ಬರೆದುಕೊಂಡೆ.